ಹನಿಗತೆ ಬರೆದರೆ ಸೃಜನಶೀಲತೆ ಹೆಚ್ಚುತ್ತದೆಯೇ? ನಿಂತುಹೋದ ಕಾದಂಬರಿಗೆ ಅದು ಒಳ್ಳೆಯ ತಯಾರಿಯೇ?

ನಿಮ್ಮದು ನೂರನೇ ಪುಟಕ್ಕೆ ನಿಂತಿದೆ ಅಂದಿರಿ. ನನ್ನದು ನೂರಾ ಎಂಬತ್ತಕ್ಕೆ ನಿಂತು ಹನ್ನೊಂದು ವರ್ಷ ಅಟ್ಟದ ಮೇಲಿತ್ತು. ಒರಲೆ ಹಿಡಿಯಲಿಲ್ಲ ಅನ್ನುವುದೊಂದೇ ಅದರ ಸಾಧನೆ.

ನಾನು ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ಗುಮಾಸ್ತ. ಟೆಂಡರ್ ಮುಗಿದು ದರ ಬರುವ ತನಕ ಕೈ ಖಾಲಿ. ಆ ಹೊತ್ತಿಗೆ ಹಾಳಾದ ಮಾರಾಟ ಪಟ್ಟಿಗಳ ಬೆನ್ನಿಗೆ ಬರೆಯತೊಡಗಿದೆ. ನನ್ನ ಅಕ್ಷರಕ್ಕೆ ಅಲ್ಲಿ ನೂರಿಪ್ಪತ್ತು ಪದ ಹಿಡಿಯುತ್ತಿತ್ತು. ಇಂಗ್ಲಿಷಿನಲ್ಲಿ ಸರಿಯಾಗಿ 100 ಪದದ ಕಥೆಗೆ ಡ್ರಾಬಲ್ ಅನ್ನುತ್ತಾರೆ, ಸಾವಿರದೊಳಗಿನದಕ್ಕೆಲ್ಲ ಫ್ಲ್ಯಾಶ್ ಫಿಕ್ಷನ್ ಎಂಬ ಹೆಸರಿದೆ. ನನಗೆ ಅದೆಲ್ಲ ತಿಳಿದದ್ದು ಆಮೇಲೆ. ಕಾಗದ ಮುಗಿದಲ್ಲಿ ಕಥೆ ಮುಗಿಯಬೇಕು, ಅಷ್ಟೇ ಲೆಕ್ಕ.

ಒಂದು ಕಥೆ ಹೀಗಿತ್ತು. ಗಂಡ ತೀರಿಕೊಂಡ ಮುದುಕಿ ಎರಡು ಚೀಲ ಚಾಲಿ ಅಡಿಕೆ ತಂದಿದ್ದಾಳೆ. ಖಾತೆ ಗಂಡನದು. ಗುಮಾಸ್ತ ‘ಯಾರ ಹೆಸರಿಗೆ?’ ಅನ್ನುತ್ತಾನೆ. ಗಂಡನ ಹೆಸರು ಬಾಯಲ್ಲಿ ಆಡದ ಕಾಲದವಳು. ಹಳೇ ಪಟ್ಟಿ ಹುಡುಕುತ್ತಾಳೆ, ಸಿಗುವುದಿಲ್ಲ. ಹಿಂದೆ ಸಾಲು ಬೆಳೆಯುತ್ತದೆ. ಸೆರಗು ಬಾಯಿಗೆ ಒತ್ತಿಕೊಂಡು ಹೆಸರು ಹೇಳುತ್ತಾಳೆ. ಗುಮಾಸ್ತನಿಗೆ ಕೇಳಿಸದೆ ‘ಏನು? ಜೋರಾಗಿ ಹೇಳಿ’ ಅನ್ನುತ್ತಾನೆ.

ಅಲ್ಲಿಗೆ ಮುಗಿದಿತ್ತು. ಆದರೆ ಪಟ್ಟಿಯಲ್ಲಿ ಇನ್ನೂ ಎರಡು ಬೆರಳು ಜಾಗ ಉಳಿದಿತ್ತು. ನಾನು ಬರೆದೆ: ‘ಐವತ್ತು ವರ್ಷದ ಸಂಸಾರದಲ್ಲಿ ಅವಳು ಆ ಹೆಸರು ಹೇಳಿದ್ದು ಅದೇ ಮೊದಲು, ಸಾವು ಅವಳಿಗೆ ಮಾತು ಕೊಟ್ಟಿತ್ತು.’ ಬರೆದು ಬೀಗಿದೆ. ಆಯಿಗೆ ಓದಿ ಹೇಳಿದೆ. ‘ಅದು ಗೊತ್ತಾತಲಾ, ಮತ್ತೆ ಎಂತಕ್ಕೆ ಹೇಳ್ತೆ?’ ಅಂದಳು. ಆಯಿಗೆ ಸಾಹಿತ್ಯ ಏನು ಗೊತ್ತು ಅಂದುಕೊಂಡು ಹಾಗೇ ಸ್ಪರ್ಧೆಗೆ ಕಳಿಸಿದೆ. ಬಹುಮಾನ ಬರಲಿಲ್ಲ. ತೀರ್ಪುಗಾರರೊಬ್ಬರು ಮುಂದೆ ಒಂದು ತಾಳಮದ್ದಳೆಯಲ್ಲಿ ಸಿಕ್ಕವರು, ಕೊನೆಯ ಸಾಲಿನ ತನಕ ನಿಮ್ಮದೇ ಮೊದಲಿತ್ತು ಮಾರಾಯ್ರೆ ಅಂದರು. ಆ ರಾತ್ರಿ ಪದ್ಯಗಳಿಗೆ ಅರ್ಥ ಹೇಳುವ ಅರ್ಥಧಾರಿ ಏನು ಹೇಳಿದರೋ ಒಂದೂ ತಲೆಗೆ ಹೋಗಲಿಲ್ಲ.

ಉದ್ದವಾಯಿತು ಅನ್ನುವ ತಪ್ಪಲ್ಲ ಅದು. ಓದುವವನ ಕೈಯಲ್ಲಿದ್ದುದನ್ನು ಕಸಿದು, ಮತ್ತೆ ನಾನೇ ಕೊಟ್ಟಂತೆ ಮಾಡಿದ್ದು. ಮುದುಕಿ ಸೆರಗು ಒತ್ತಿಕೊಂಡಾಗಲೇ ಓದುಗ ಐವತ್ತು ವರ್ಷ ಎಣಿಸಿಯಾಗಿತ್ತು. ನಾನು ರಸೀದಿ ಹರಿದುಕೊಟ್ಟೆ. ಒಂದು ಪದ್ಯಕ್ಕೆ ಅರ್ಧ ತಾಸು ಅರ್ಥ ಹೇಳುವವರ ಊರಲ್ಲಿ ಬೆಳೆದವನಿಗೆ ಈ ಚಟ ಬಿಡುವುದು ಸುಲಭವಲ್ಲ ಬಿಡಿ.

ಇನ್ನು ನಿಮ್ಮ ಪ್ರಶ್ನೆ. ‘ತಯಾರಿ’ ಅನ್ನುವ ಮಾತೇ ನನಗೆ ಒಪ್ಪಿಗೆಯಿಲ್ಲ. ಹನಿಗತೆ ಕಾದಂಬರಿಗೆ ಹತ್ತುವ ಏಣಿಯಲ್ಲ. ಹಾಗೆಂದುಕೊಂಡು ಬರೆದರೆ ಕಾದಂಬರಿಯ ಸಾರಾಂಶ ಬರುತ್ತದೆ, ಕಥೆ ಬರುವುದಿಲ್ಲ. ಕಲಿಸುವುದೇನೋ ಕಲಿಸುತ್ತದೆ. ಹನ್ನೊಂದು ವರ್ಷದ ಕಾದಂಬರಿ ನನಗೆ ಒಂದು ಮುಕ್ತಾಯವನ್ನೂ ಕಲಿಸಲಿಲ್ಲ, ಅಲ್ಲಿಗೆ ನಾನು ಮುಟ್ಟಿದ್ದರೆ ತಾನೆ? ಪಟ್ಟಿಗಳ ಬೆನ್ನಿಗೆ ಒಂದೇ ವರ್ಷದಲ್ಲಿ ನಲವತ್ತು ಸಲ ಮುಗಿಸಿದೆ. ಮೂವತ್ತು ಕೆಟ್ಟವು. ಕೆಟ್ಟರೆ ಹೋದದ್ದು ಒಂದು ಮಧ್ಯಾಹ್ನ. ಇನ್ನೊಂದು, ವಖಾರಿಯಲ್ಲಿ ರಾಶಿ, ಬೆಟ್ಟೆ, ಬಿಳೆಗೋಟು ಎಂದು ಅಡಿಕೆಯ ಒಂದೊಂದು ಬಗೆಗೆ ಬೇರೆ ಬೇರೆ ಗುಡ್ಡೆ ಇರುತ್ತವೆ. ಕಾದಂಬರಿಯಲ್ಲಿ ನಾನು ಎಲ್ಲವನ್ನೂ ಒಂದೇ ಅಂಗಳಕ್ಕೆ ಸುರಿದಿದ್ದೆ. ಮುದುಕಿಯ ಕಥೆಗೆ ಬೇಕಾದದ್ದು ಒಂದು ಸೆರಗು.

ಆ ಕಾದಂಬರಿಯನ್ನು ಕಳೆದ ಮಳೆಗಾಲದಲ್ಲಿ ಅಟ್ಟದಿಂದ ಇಳಿಸಿದೆ. ಏಳು ಹನಿಗತೆ ಹೊರಟವು. ಉಳಿದದ್ದರಿಂದ ಬಚ್ಚಲ ಒಲೆಗೆ ನಾಲ್ಕು ದಿನ ಬೆಂಕಿ ಹೊತ್ತಿಸಿದೆ, ಆ ಮಳೆಯಲ್ಲಿ ಒಣ ಕಾಗದ ಸಿಗುವುದೇ ಕಷ್ಟ.