ಬೆಂಗಳೂರಿಂದ ಕಾರಿನಲ್ಲಿ ನೇಪಾಳಕ್ಕೆ: 12 ದಿನ ಸಾಲದಿರುವುದು ಇದಕ್ಕೇ

ತಂದೆಯವರ ಕಾರಿನಲ್ಲಿ ಬೆಂಗಳೂರಿಂದ ಕಠ್ಮಂಡುಗೆ ಹೋಗಿಬರುವ ಪ್ರವಾಸ 12 ದಿನಕ್ಕೆ ಯಾಕೆ ಕೂರುತ್ತಿಲ್ಲ ಅಂತ ಕೇಳಿದ್ದೀರಿ. ಗುಡ್ಡದ ದಾರಿಯನ್ನೂ ನೀವು ಹೈವೇ ಲೆಕ್ಕದಲ್ಲೇ ಹಿಡಿದಿದ್ದೀರಿ ಅನಿಸುತ್ತದೆ, ಅದಕ್ಕೇ. ಗೋರಖಪುರಕ್ಕೇ ಸುಮಾರು 2000 ಕಿಮೀ, ನಾಗಪುರ, ಜಬಲ್‌ಪುರ ಮೇಲೆ ಮೂರು ದಿನ ಬೇಕು. ಗಡಿ ದಾಟಿದ ಮೇಲೆ ಸಿಗುವ ಬುಟ್ವಲ್ ಊರಿನಿಂದ ತಾನ್ಸೇನ್ ಮೇಲೆ ಪೋಖರಾಕ್ಕೆ 160 ಕಿಮೀ ಅಷ್ಟೇ, ಆದರೆ ಇಡೀ ಒಂದು ದಿನ ಇಟ್ಟುಕೊಳ್ಳಿ. ಒಟ್ಟು 15 ದಿನ ಮಾಡಿ. ಆಗದಿದ್ದರೆ ಪೋಖರಾ ಬಿಡಿ.

ಹೊರಡುವ ಮೊದಲು ವಿಮೆ ಕಂಪನಿಗೆ ಹೇಳಿ ಪಾಲಿಸಿಯನ್ನು ನೇಪಾಳಕ್ಕೆ ವಿಸ್ತರಿಸಿಕೊಳ್ಳಿ. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಆಧಾರ್ ನಂಬಬೇಡಿ, ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಒಯ್ಯಿರಿ. ಕಾರು ನಿಮ್ಮ ತಂದೆಯವರ ಹೆಸರಲ್ಲಿದೆ ಅಂದಿರಲ್ವಾ, ಅವರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳಿ, ಒರಿಜಿನಲ್ ಆರ್‌ಸಿ ಜೊತೆಗಿರಲಿ.

ಗಡಿಯಲ್ಲಿರುವ ಸುನೌಲಿ ಗೇಟು ದಾಟಿದ ಕೂಡಲೇ ನೇಪಾಳದ ಕಸ್ಟಮ್ಸ್‌ನಲ್ಲಿ ಕಾರಿಗೆ ಭನ್ಸಾರ್ ಚೀಟಿ, ಅಂದರೆ ಗಾಡಿ ಒಳಗೆ ತರುವ ಅನುಮತಿ ಪತ್ರ, ಮಾಡಿಸಿ. ದಿನದ ಲೆಕ್ಕದಲ್ಲಿ ದುಡ್ಡು ಕಟ್ಟಬೇಕು, ದರ ಬದಲಾಗುತ್ತಿರುತ್ತದೆ, ಕೌಂಟರಿನಲ್ಲೇ ಕೇಳಿ. ಎರಡು ದಿನ ಹೆಚ್ಚಿಗೆ ಬರೆಸಿ, ಅವಧಿ ಮೀರಿದರೆ ದಂಡ ಬೀಳುತ್ತದೆ. ಅಲ್ಲಿಂದ ಲುಂಬಿನಿ ಹತ್ತಿರ, ಅಶೋಕನ ಕಂಬವನ್ನು ಅವತ್ತೇ ನೋಡಬಹುದು.

ವಾಪಸ್ ಅದೇ ದಾರಿ ಬೇಡ. ಕಠ್ಮಂಡುವಿನಿಂದ ಗುಡ್ಡದ ಮೇಲಿನ ದಾಮನ್, ಆಮೇಲೆ ಹೆಟೌಡಾ ಮೇಲೆ ಗಡಿ ಊರಾದ ಬೀರ್‌ಗಂಜ್‌ಗೆ ಇಳಿಯಿರಿ. ಮೋಡ ಇಲ್ಲದಿದ್ದರೆ ದಾಮನ್‌ನಿಂದ ಹಿಮಾಲಯದ ಉದ್ದ ಸಾಲೇ ಕಾಣುತ್ತದೆ. ಬೀರ್‌ಗಂಜ್‌ನ ಪೂರ್ವಕ್ಕೆ ಸಿಮ್ರೌನ್‌ಗಢ ಇದೆ, ದಯವಿಟ್ಟು ತಪ್ಪಿಸಬೇಡಿ. 1097ರಲ್ಲಿ ನಾನ್ಯದೇವ ಕಟ್ಟಿದ ಕರ್ಣಾಟ ವಂಶದ ರಾಜಧಾನಿ ಅದು, ನಮ್ಮ ಕಡೆಯಿಂದ ಹೋದವರ ಮನೆತನ. ಉಳಿದಿರುವುದು ಕೋಟೆಯ ಮಣ್ಣಿನ ದಿಬ್ಬ, ಒಡೆದ ಶಿಲ್ಪಗಳು ಅಷ್ಟೇ, ಆದರೂ ಕನ್ನಡದವರಿಗೆ ಅಲ್ಲಿ ನಿಂತರೆ ಮೈ ಜುಮ್ಮೆನ್ನುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡ ಕುಸಿಯುತ್ತದೆ, ಅಕ್ಟೋಬರ್ ಕೊನೆಗೆ ಹೊರಡಿ.