ಕೇಳಿದ್ದಕ್ಕೆ ಹೇಳ್ತೀನಿ

● ಈ ಪ್ರಶ್ನೆಗಳನ್ನೆಲ್ಲ ನೀವೇ ಬರೆದುಕೊಳ್ತೀರಂತೆ, ಹೌದಾ?

ನಾನೇ ಬರೆದುಕೊಳ್ಳೋ ಹಾಗಿದ್ದರೆ ಇಂಥ ಪ್ರಶ್ನೆ ಯಾಕೆ ಬರೆದುಕೊಳ್ತಿದ್ದೆ?

● ಉತ್ತರ ಕೊಡೋರನ್ನು ಉತ್ತರಕುಮಾರ ಅನ್ನಬಹುದಾ?

ಧಾರಾಳವಾಗಿ. ನಾನೂ ಹೊರಡುವಾಗ ಜೋರಾಗಿಯೇ ಹೊರಡುತ್ತೇನೆ, ಕಾಗದದ ರಾಶಿ ಕಂಡ ಕೂಡಲೇ ರಥದಿಂದ ಇಳಿದು ಓಡುತ್ತೇನೆ. ಬೃಹನ್ನಳೆಯ ಕೆಲಸ ಸಂಪಾದಕರದ್ದು. ಜುಟ್ಟು ಹಿಡಿದು ಎಳೆದು ತರೋಣ ಅಂದರೆ, ಪಾಪ, ಅವರಿಗೆ ಸಿಗೋದು ಬರೀ ಬೋಳು.

● ನಮ್ಮ ತಾತ ನಿಮ್ಮ ಪುಟ ಓದಿ, "ಬೀಚಿ ಕಾಲವೇ ಬೇರೆ ಬಿಡು" ಅಂತಾರೆ. ಏನು ಹೇಳ್ತೀರಿ?

ತಾತ ಹೇಳಿದ್ದು ಸರಿ. 'ಸುಧಾ' ವಾರಪತ್ರಿಕೆ ಬಂದ ಕೂಡಲೇ ಮೊದಲು ಬೀಚಿ ಉತ್ತರ ಹೇಳುತ್ತಿದ್ದ 'ನೀವು ಕೇಳಿದಿರಿ?' ಪುಟ ತೆಗೆದು ಕೂರುತ್ತಿದ್ದವರಲ್ಲಿ ಅವರೂ ಒಬ್ಬರಿರಬೇಕು. ಬೀಚಿ ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡಿದವರು. ಪ್ರಶ್ನೆ ಕೇಳುವ ಇಲಾಖೆಯಿಂದ ಬಂದು ಉತ್ತರ ಹೇಳುವ ಕುರ್ಚಿಯಲ್ಲಿ ಕೂತರು ನೋಡಿ! ಅದಕ್ಕೂ ಹಿಂದೆ, 1942ರಲ್ಲಿ, 'ಕೊರವಂಜಿ' ಹಾಸ್ಯಪತ್ರಿಕೆ ಶುರು ಮಾಡಿದ ರಾಶಿ ಅವರು ಡಾಕ್ಟರು. ಒಬ್ಬರು ಪೊಲೀಸು, ಒಬ್ಬರು ಡಾಕ್ಟರು. ಊರವರ ಗುಟ್ಟೆಲ್ಲ ಗೊತ್ತಿದ್ದವರೇ ನಗಿಸೋಕೆ ಬಂದರು. ನನಗೋ, ನಮ್ಮ ಮನೆ ಬೀಗದ ಕೈ ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ.

● ಎಲ್ಲರೂ ಮೊಬೈಲಲ್ಲೇ ಕಳಿಸುವ ಈ ಕಾಲದಲ್ಲಿ ಪೋಸ್ಟ್ ಕಾರ್ಡ್ ಬರೆಯೋರು ಇನ್ನೂ ಇದ್ದಾರಾ?

ಇದ್ದಾರೆ. ಹೋದ ವಾರ ಬಂದ ಒಂದು ಕಾರ್ಡು ಇನ್ನೂ ಮೇಜಿನ ಮೇಲಿದೆ. ಒಟ್ಟು 11 ಪ್ರಶ್ನೆ. ಮೊದಲನೇದು ದುಂಡಗೆ, ದೊಡ್ಡದಾಗಿ, ಮದುವೆ ಕಾಗದದ ಅಕ್ಷರದ ಹಾಗೆ. ಐದನೇದಕ್ಕೆ ಬರುವಾಗ ಅಕ್ಷರ ಇರುವೆ ಗಾತ್ರ. ಆಮೇಲೆ ಅಂಚಿನುದ್ದಕ್ಕೂ ಹತ್ತಿ, ತಿರುಗಿ, ವಿಳಾಸದ ಕಡೆಗೆ ನುಗ್ಗಿ, ಹನ್ನೊಂದನೇ ಪ್ರಶ್ನೆ ಪಿನ್‌ಕೋಡಿನ 6 ಮನೆಯೊಳಗೇ ಸಂಸಾರ ಹೂಡಿದೆ. ಅದು ಹೇಗೆ ನಮ್ಮ ಆಫೀಸಿಗೆ ಬಂದು ತಲುಪಿತೋ, ಆ ಪೋಸ್ಟ್‌ಮ್ಯಾನ್‌ಗೇ ಗೊತ್ತು. ಕೇಳಿದ್ದೇನು ಗೊತ್ತಾ? "ಜನ ಯಾಕೆ ಉಳಿತಾಯ ಮಾಡೋದಿಲ್ಲ?" 50 ಪೈಸೆ ಕಾರ್ಡಿನಲ್ಲಿ 11 ಪ್ರಶ್ನೆ ಕೇಳಿದವರಿಗೆ ನಾನು ಏನು ಹೇಳಲಿ.

● ಈಚೆಗೆ ಹೆಂಡತಿ ಜೋಕು ಕಡಿಮೆ ಆಗಿದೆ. ಮನೆಯಲ್ಲಿ ಬೈದರಾ?

ಮನೆಯಲ್ಲಲ್ಲ, ಅಂಚೆಯಲ್ಲಿ ಬೈದರು. ಒಬ್ಬರು ಬರೆದಿದ್ದರು: "ನೀವು ನಗೋದಕ್ಕೆ ಅಂತ ನಾವು ಇನ್ನೂ ಎಷ್ಟು ವರ್ಷ ಲಟ್ಟಣಿಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿರಬೇಕು? ಕೈ ನೋಯುತ್ತೆ." ಎರಡು ದಿನ ಯೋಚಿಸಿದೆ, ತಿರುಗಿ ಹೇಳೋಕೆ ಏನೂ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ, ಈ ಪುಟದಲ್ಲಿ ನಾನು ಬರೆದ ಯಾವ ಉತ್ತರವೂ ಅಷ್ಟು ಚೆನ್ನಾಗಿಲ್ಲ.

● ಜೀವನ ಅಂದರೇನು?

ಜಾಗ ಕಡಿಮೆ ಇದೆ. ಮುಂದಿನ ಪ್ರಶ್ನೆ.

● ಐದು ಸಲ ಪ್ರಶ್ನೆ ಕಳಿಸಿದೆ. ಒಂದನ್ನೂ ಹಾಕಿಲ್ಲ. ನಿಮಗೆ ಓದೋಕೆ ಬರುತ್ತಾ ಇಲ್ವಾ?

ಬರುತ್ತೆ ಸ್ವಾಮಿ. ಮೊದಲ ಐದರಲ್ಲಿ ಖಾರವೇ ಇರಲಿಲ್ಲ. ಇದು ಆರನೇದು, ಹಾಕಿದ್ದೇವೆ.