ಬಾಲಚುಕ್ಕಿ ಕಂಡ ವರ್ಷ ಅಜ್ಜಯ್ಯ ಹುಟ್ಟಿದ್ದು ಯಾವಾಗ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮ ಅಜ್ಜಯ್ಯ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದರು. 1984ರಲ್ಲಿ ತೀರಿಕೊಂಡರು. ಈಗ ಮನೆತನದ ವಂಶವೃಕ್ಷ ಬರೆಸುತ್ತಿದ್ದೇವೆ. ಅವರು ಹುಟ್ಟಿದ ದಿನ ಮಾತ್ರ ಎಲ್ಲೂ ತಾಳೆಯಾಗುತ್ತಿಲ್ಲ. ಶಾಲೆಯ ದಾಖಲಾತಿ ಪುಸ್ತಕದಲ್ಲಿ 1-6-1912 ಇದೆ, ಸೇರಿದ್ದು 1-6-1918. ಸರ್ವಿಸ್ ರಿಜಿಸ್ಟರಿನಲ್ಲೂ 1-6-1912. ಮರಣ ದಾಖಲೆಯಲ್ಲಿ ವಯಸ್ಸು 78, ಅಂದರೆ 1906. ಜಾತಕದಲ್ಲಿ ‘ಸೌಮ್ಯ ಸಂ|| ಪುಷ್ಯ ಬ ೨ ಗುರು, ಮಖಾ, ಗತ ಘಟಿ ೧೨’ ಎಂದಿದೆ. ಸೌಮ್ಯ ಅಂದರೆ 1909 ಅಂತ ಒಬ್ಬರು ಹೇಳಿದರು. ಆದರೆ ಅಜ್ಜಯ್ಯನ ತಾಯಿ, ‘ನಾನು ಬಾಣಂತಿ ಇದ್ದಾಗ ಸಂಜೆ ಪಡುವಣದಲ್ಲಿ ಬಾಲಚುಕ್ಕಿ ಕಾಣ್ತಿತ್ತು, ಅಡಿಕೆ ಚಪ್ಪರ ಇನ್ನೂ ಬಿಚ್ಚಿರಲಿಲ್ಲ’ ಅನ್ನುತ್ತಿದ್ದರಂತೆ. ಹ್ಯಾಲಿ ಧೂಮಕೇತು ಕಂಡದ್ದು 1910ರ ಮೇ ತಿಂಗಳಲ್ಲಿ. ಎರಡು ಸರ್ಕಾರಿ ದಾಖಲೆ ಒಂದೇ ಹೇಳುವುದರಿಂದ 1912 ಅಂತಲೇ ಬರೆಸೋಣ ಅನ್ನುತ್ತಾರೆ ಚಿಕ್ಕಪ್ಪ. ಜಾತಕದ ಪ್ರತಿ, 1970ರ ಜನವರಿಯಲ್ಲಿ ತೆಗೆಸಿದ ಷಷ್ಟ್ಯಬ್ದಿ ಫೋಟೋದ ಪ್ರತಿ ಕಳಿಸಿದ್ದೇನೆ.
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ವಂಶವೃಕ್ಷ ಬರೆಯುವವರಿಗೆ ಒಂದು ವಾರ ತಡೆಯಲು ಹೇಳಿ. ನಿಮ್ಮ ಲಕೋಟೆಯಲ್ಲೇ ಉತ್ತರ ಇದೆ.

ನಾನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ 31 ವರ್ಷ ಕೆಲಸ ಮಾಡಿದವಳು. ಅಲ್ಲಿ ಕಲಿತದ್ದರಲ್ಲಿ ಮುಖ್ಯವಾದದ್ದು ಇದು: ಒಂದು ದಾಖಲೆ ಕೈಗೆ ಬಂದರೆ ಅದರಲ್ಲಿ ಏನಿದೆ ಅಂತ ನೋಡುವ ಮೊದಲು, ಅದನ್ನು ಬರೆಸಿದವರು ಯಾರು, ಅವರಿಗೆ ಆ ವಿಷಯ ಹೇಗೆ ಗೊತ್ತಾಯಿತು ಅಂತ ಕೇಳಬೇಕು.

ಹಾಗೆ ಕೇಳಿದರೆ ಚಿಕ್ಕಪ್ಪನವರ ಎರಡು ದಾಖಲೆ ಒಂದೇ ಆಗಿಬಿಡುತ್ತದೆ. ನೌಕರಿಗೆ ಸೇರುವಾಗ ಸರ್ವಿಸ್ ರಿಜಿಸ್ಟರಿಗೆ ಜನ್ಮದಿನಾಂಕ ಇಳಿಸುವುದು ಶಾಲೆಯ ಸರ್ಟಿಫಿಕೇಟ್ ನೋಡಿ. ಅಲ್ಲಿ ತಪ್ಪಿದ್ದರೆ ಇಲ್ಲೂ ತಪ್ಪೇ. ಇನ್ನು ಶಾಲೆಯ ದಿನಾಂಕ ನೋಡಿ. ಸೇರಿದ್ದು ಜೂನ್ 1, ಹುಟ್ಟಿದ್ದೂ ಜೂನ್ 1, ನಡುವೆ ಸರಿಯಾಗಿ ಆರು ವರ್ಷ. ಮೇಷ್ಟ್ರು ಹುಡುಗನನ್ನು ಎದುರಿಗೆ ನಿಲ್ಲಿಸಿಕೊಂಡು ಆರು ತುಂಬಿದೆ ಅಂತ ಬರೆದುಕೊಂಡ ದಿನಾಂಕ ಅದು. ಆ ಕಾಲದಲ್ಲಿ ಅದು ವಂಚನೆ ಅಲ್ಲ, ವಾಡಿಕೆ. ನಮ್ಮ ತಂದೆ ಮತ್ತು ಇಬ್ಬರು ದೊಡ್ಡಪ್ಪಂದಿರು, ಮೂವರ ಜನ್ಮದಿನವೂ ಜೂನ್ 1ಕ್ಕೇ ಇದೆ.

ಮರಣ ದಾಖಲೆಯನ್ನು ಸಾವಿನ ದಿನಕ್ಕೆ ನಂಬಬಹುದು. ವಯಸ್ಸಿಗೆ ಬೇಡ. ಸಾವಾದ ಮನೆಯಿಂದ ಬಂದವರು ಅಂದಾಜಿನಲ್ಲಿ ಹೇಳಿದ ಅಂಕಿ ಅದು, ಎರಡು ಮೂರು ವರ್ಷ ಜಾಸ್ತಿ ಹೇಳುವುದೇ ಹೆಚ್ಚು.

ಈಗ ಜಾತಕಕ್ಕೆ ಬರೋಣ. ಜಾತಕ ಅಂದರೆ ಸುಮ್ನೆ ಭವಿಷ್ಯದ ಕಾಗದ ಅಂತ ತುಂಬಾ ಜನ ಪಕ್ಕಕ್ಕಿಡುತ್ತಾರೆ. ಅದರ ಫಲವನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ಮೇಲಿನ ಒಂದು ಸಾಲು ಮಾತ್ರ ಹುಟ್ಟಿದ ಹೊತ್ತನ್ನು ಕೇಳಿಕೊಂಡು ಪಂಚಾಂಗ ನೋಡಿ ಬರೆದದ್ದು. ನೀವು ಕಳಿಸಿದ ಪ್ರತಿಯನ್ನು ಭೂತಗನ್ನಡಿ ಹಿಡಿದು ನೋಡಿದೆ. ‘ಪುಷ್ಯ’ ಅಂದರೆ ಇಲ್ಲಿ ಮಾಸ. ನಕ್ಷತ್ರ ಅಂತ ಓದಬೇಡಿ, ನಕ್ಷತ್ರ ಮುಂದೆ ‘ಮಖಾ’ ಅಂತ ಬೇರೆ ಇದೆ. ‘ಬ ೨’ ಅಂದರೆ ಬಹುಳ ಬಿದಿಗೆ, ಹುಣ್ಣಿಮೆ ಕಳೆದ ಎರಡನೇ ತಿಥಿ. ಆ ೨ ಅಂಕಿಯ ಬಾಲ ಮಡಿಕೆಯೊಳಗೆ ಸವೆದಿದ್ದರೂ ಗುರುತು ಸಿಗುತ್ತದೆ. ‘ಗುರು’ ಅಂದರೆ ಗುರುವಾರ.

ಸೌಮ್ಯ ಸಂವತ್ಸರ 60 ವರ್ಷಕ್ಕೊಮ್ಮೆ ಬರುತ್ತದೆ: 1849, 1909, 1969. ಅಜ್ಜಯ್ಯನಿಗೆ ನಡುವಿನದೇ ಆಗಬೇಕು. ಆದರೆ 1909 ಅಂತ ಬರೆದರೆ ತಪ್ಪಾಗುತ್ತದೆ. ಸಂವತ್ಸರ ಶುರುವಾಗುವುದು ಯುಗಾದಿಗೆ, ಜನವರಿಗಲ್ಲ. 1909ರ ಯುಗಾದಿಗೆ ಶುರುವಾದ ಸೌಮ್ಯ ಮುಗಿದದ್ದು 1910ರ ಏಪ್ರಿಲಿನಲ್ಲಿ. ಪುಷ್ಯ ಮಾಸ ಸಂಕ್ರಾಂತಿಯ ಆಸುಪಾಸು ಬರುವುದರಿಂದ ಅದು 1910ರ ಜನವರಿ. ಶಕ ವರ್ಷ ಇದ್ದರೂ ಇದೇ ಲೆಕ್ಕ. ಸೌಮ್ಯ ಅಂದರೆ ಶಕ 1831. 78 ಕೂಡಿಸಿದರೆ 1909, ಜನವರಿಯಿಂದ ಯುಗಾದಿಯವರೆಗಿನ ದಿನವಾದರೆ 79 ಕೂಡಿಸಬೇಕು.

ಈ ಒಂದು ವರ್ಷದ ತಪ್ಪನ್ನು ನಾನೇ ಒಮ್ಮೆ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹಿರಿಯರು ತಮ್ಮ ತಾಯಿಯ ಜಾತಕ ತಂದು ಕೇಳಿದ್ದರು. ಮಾಘ ಮಾಸ ಅಂತ ಕಣ್ಣೆದುರೇ ಇದ್ದರೂ ಸಂವತ್ಸರದ ಹೆಸರಷ್ಟೇ ನೋಡಿ ಇಸವಿ ಹೇಳಿಬಿಟ್ಟೆ. ಅವರು ಅದನ್ನು ಕಲ್ಲಿನಲ್ಲಿ ಕೆತ್ತಿಸಿದರು. ಆ ಕಲ್ಲು ಈಗಲೂ ಅವರ ತೋಟದಲ್ಲಿದೆ. ಆ ದಾರಿಯಲ್ಲಿ ಹೋದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ತಿಥಿಗೆ ವಾರ ಕೂಡಿಬಂದರೆ ಬೀಗಕ್ಕೆ ಬೀಗದ ಕೈ ಸಿಕ್ಕ ಹಾಗೆ. 1910ರಲ್ಲಿ ಪುಷ್ಯದ ಹುಣ್ಣಿಮೆ ಜನವರಿ 25, ಮಂಗಳವಾರ. ಬುಧವಾರ ಪಾಡ್ಯ, ಗುರುವಾರ ಬಿದಿಗೆ. ಅಂದು ಚಂದ್ರ ಮಖಾ ನಕ್ಷತ್ರದಲ್ಲೇ ಇದ್ದಾನೆ. ಹಿಂದಿನ ವರ್ಷ ಅದೇ ತಿಥಿಗೆ ಗುರುವಾರ ಸೇರುವುದಿಲ್ಲ. ಹಾಗಾಗಿ 1910ರ ಜನವರಿ 27, ಗುರುವಾರ. ಒಂದು ಘಟಿಗೆ 24 ನಿಮಿಷ. ಸೂರ್ಯ ಹುಟ್ಟಿ 12 ಘಟಿ ಕಳೆದಿತ್ತು ಅಂದರೆ ಬೆಳಗ್ಗೆ ಹನ್ನೊಂದೂವರೆ ಸುಮಾರು. ಹಗಲು ಹುಟ್ಟಿದ್ದರಿಂದ ತೊಡಕಿಲ್ಲ. ಮಧ್ಯರಾತ್ರಿ ದಾಟಿ ಬೆಳಕು ಹರಿಯುವ ಮೊದಲು ಹುಟ್ಟಿದ್ದರೆ ಪಂಚಾಂಗಕ್ಕೆ ಅದು ಗುರುವಾರವೇ, ಇಂಗ್ಲಿಷ್ ಕ್ಯಾಲೆಂಡರಿಗೆ ಶುಕ್ರವಾರ. ಬೇರೆಯವರ ಜಾತಕ ನೋಡುವಾಗ ಇದನ್ನು ಗಮನಿಸಿ.

ಹಾಗಾದರೆ ಬಾಲಚುಕ್ಕಿ? ನಿಮ್ಮ ಪತ್ರದಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ಇದೇ. 1910ರಲ್ಲಿ ಬಂದದ್ದು ಒಂದಲ್ಲ, ಎರಡು. ಮೇ ತಿಂಗಳ ಹ್ಯಾಲಿ ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ಜನವರಿಯಲ್ಲಿ, ಯಾರೂ ಎದುರು ನೋಡದ ಇನ್ನೊಂದು ಧೂಮಕೇತು ಬಂತು. ಹಗಲಲ್ಲೂ ಕಾಣುವಷ್ಟು ಹೊಳಪಿತ್ತು. ಜನವರಿ ಕೊನೆಯ ವಾರಗಳಲ್ಲಿ ಸೂರ್ಯ ಮುಳುಗಿದ ಮೇಲೆ ಪಡುವಣದಲ್ಲಿ, ಶುಕ್ರ ಗ್ರಹದ ಹತ್ತಿರ, ಉದ್ದ ಬಾಲದೊಂದಿಗೆ ಕಾಣುತ್ತಿತ್ತು. ಮುಂದೆ ಹ್ಯಾಲಿಯ ಹೆಸರೇ ದೊಡ್ಡದಾಗಿ, ಜನವರಿಯದನ್ನು ಕಂಡವರೂ ಹ್ಯಾಲಿ ಕಂಡೆವು ಅಂತ ಹೇಳಿದ್ದುಂಟು. ನಿಮ್ಮ ಮುತ್ತಜ್ಜಿ ಹೆಸರು ಹೇಳಲಿಲ್ಲ, ಕಂಡದ್ದನ್ನಷ್ಟೇ ಹೇಳಿದರು. ಹ್ಯಾಲಿಯ ಹೆಸರು ಸೇರಿಸಿದ್ದು ನೀವು.

ಚಪ್ಪರದ ಮಾತೂ ಅಷ್ಟೇ ಗಟ್ಟಿ. ಮೇ ತಿಂಗಳ ಕೊನೆಗೆ ಮಲೆನಾಡಿನ ಯಾವ ಅಂಗಳದಲ್ಲಿ ಅಡಿಕೆ ಚಪ್ಪರ ಇರುತ್ತದೆ ಹೇಳಿ? ಮಳೆ ಬಾಗಿಲಲ್ಲಿರುತ್ತದೆ. ಜನವರಿಯಲ್ಲಾದರೆ ಸುಲಿಯುವುದು, ಬೇಯಿಸುವುದು, ಹರವುವುದು ಎಲ್ಲಾ ನಡೆದೇ ಇರುತ್ತದೆ. ಬಿದಿಗೆ ತದಿಗೆಯ ಸಂಜೆ ಚಂದ್ರ ಮೂಡುವುದೂ ಸ್ವಲ್ಪ ತಡ. ಆ ಕತ್ತಲಲ್ಲಿ, ಚಪ್ಪರದಾಚೆಗೆ, ಹಸುಗೂಸನ್ನು ಹತ್ತಿರ ಮಲಗಿಸಿಕೊಂಡ ತಾಯಿ ಕಂಡದ್ದು ಆ ಬಾಲಚುಕ್ಕಿಯನ್ನೇ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಇನ್ನು ಫೋಟೋ. 1970ರ ಜನವರಿ ಅಂದರೆ ಮತ್ತೆ ಸೌಮ್ಯ ಸಂವತ್ಸರದ ಪುಷ್ಯ ಮಾಸ. ಶಾಲೆಯ ದಿನಾಂಕವೇ ನಿಜವಾಗಿದ್ದರೆ ಅಂದು ಅವರಿಗೆ 57. ಐವತ್ತೇಳಕ್ಕೆ ಯಾರಾದರೂ ಷಷ್ಟ್ಯಬ್ದಿ ಮಾಡಿಸಿಕೊಳ್ಳುತ್ತಾರಾ? ಜೀವನವಿಡೀ 1-6-1912 ಅಂತ ಸಹಿ ಹಾಕಿದ ಮೇಷ್ಟ್ರು, ಕಲಶದ ಮುಂದೆ ಕೂರುವಾಗ ಜಾತಕದ ಲೆಕ್ಕ ಹಿಡಿದರು. ತಮ್ಮ ವಯಸ್ಸು ಎಷ್ಟು ಅಂತ ಅವರಿಗೆ ಗೊತ್ತಿತ್ತು, ಅಲ್ವಾ? ಈ ಫೋಟೋವನ್ನು ಚಿಕ್ಕಪ್ಪನವರಿಗೆ ತೋರಿಸಿ. ಅವರೂ ಅದರಲ್ಲಿ ಇರಬೇಕು.

ವಂಶವೃಕ್ಷದಲ್ಲಿ 27-1-1910 ಅಂತ ಬರೆಸಿ, ಕೆಳಗೆ ಜಾತಕದ ಸಾಲನ್ನು ಇದ್ದ ಹಾಗೇ ಬರೆಸಿ. ಮುಂದೆ ಯಾರಾದರೂ ಲೆಕ್ಕ ತಿರುಗಿ ನೋಡಬೇಕೆಂದರೆ ಅದು ಬೇಕು. ‘ಶಾಲೆ ಮತ್ತು ನೌಕರಿ ದಾಖಲೆಯಲ್ಲಿ 1-6-1912’ ಅಂತ ಪಕ್ಕದಲ್ಲಿ ಗುರುತು ಹಾಕಿ. ಪಿಂಚಣಿ ಕಾಗದ ಹುಡುಕುವ ಮೊಮ್ಮಕ್ಕಳು ಇಲ್ಲದಿದ್ದರೆ ಗಲಿಬಿಲಿಯಾಗುತ್ತಾರೆ. ಮನೆಯ ಬೇರೆ ಜಾತಕಗಳಿಗೆ ಹಳೆಯ ತಿಥಿಗಳನ್ನು ಇಂಗ್ಲಿಷ್ ತೇದಿಗೆ ಹೊಂದಿಸಿ ಕೊಡುವ ಎಲ್.ಡಿ. ಸ್ವಾಮಿಕಣ್ಣು ಪಿಳ್ಳೈ ಅವರ ಕೋಷ್ಟಕಗಳನ್ನು ನೋಡಿ. ಶಾಸನಗಳ ತೇದಿ ಹಿಡಿಯುವವರೂ ಅದನ್ನೇ ಬಳಸುತ್ತಾರೆ, ದೊಡ್ಡ ಗ್ರಂಥಾಲಯದಲ್ಲಿ ಕೇಳಿ.

ಜಾತಕದ ಮೂಲ ಕಾಗದ ನಡುವಿನ ಮಡಿಕೆಯಲ್ಲಿ ಹರಿಯುತ್ತಾ ಬಂದಿದೆ. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಟೇಪ್ ಅಂಟಿಸಬೇಡಿ. ಮಡಿಕೆ ಬಿಡಿಸಿ, ಎರಡು ಬಿಳಿ ಹಾಳೆಗಳ ನಡುವೆ ಇಟ್ಟು, ನೀರು ಸೋರದ ಕಡೆ ಮಲಗಿಸಿಡಿ.